ಮೂರು ನಿಮಿಷದ ಠುಮರಿ ಮತ್ತು ರೋಣದ ಹುಡುಗ

ಅರಗು ಬೆರೆಸಿ ಅಚ್ಚೊತ್ತಿದ ಕರಿ ತಟ್ಟೆ. ಅಡ್ಡಳತೆ ಹತ್ತು ಇಂಚು. ನಿಮಿಷಕ್ಕೆ 78 ಸುತ್ತು. ಒಂದು ಬದಿಗೆ ಹೆಚ್ಚೆಂದರೆ ಮೂರು, ಮೂರೂಕಾಲು ನಿಮಿಷದ ಹಾಡು. ಪೆಟ್ಟಿಗೆಗೆ ಚಾವಿ ಕೊಟ್ಟು, ಹೊಸ ಮುಳ್ಳು ಸಿಕ್ಕಿಸಿ, ತಟ್ಟೆಯ ಅಂಚಿಗೆ ಮೆಲ್ಲಗೆ ಇಳಿಬಿಟ್ಟರೆ ಮೊದಲು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಅದರ ಹಿಂದಿನಿಂದ ತೆಳ್ಳಗೆ, ಎತ್ತರಕ್ಕೆ, ಎಲ್ಲಿಯೂ ಮುಕ್ಕಾಗದೆ ಬರುವ ಒಂದು ದನಿ. ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ‘ಪಿಯಾ ಬಿನ್ ನಹೀ ಆವತ ಚೈನ್’ ಠುಮರಿ ಕಿವಿಗೆ ಬೀಳುವುದು ಹೀಗೆ.

ಇಷ್ಟು ಸಣ್ಣ ಹಾಡಿನಿಂದ ಏನಾದೀತು ಎನ್ನುವವರಿಗೆ ಗದಗ ಜಿಲ್ಲೆಯ ರೋಣ ಉತ್ತರ ಹೇಳುತ್ತದೆ. ಈ ಊರಿನಲ್ಲಿ 1922ರ ಫೆಬ್ರುವರಿ 4ರಂದು ಹುಟ್ಟಿದ ಹುಡುಗನೊಬ್ಬ ಆ ತಟ್ಟೆಯನ್ನು ಕೇಳಿ ನಿಂತಲ್ಲಿ ನಿಲ್ಲಲಾರದೆ ಹೋದ. ಮುಂದೆ ಅವನೇ ಪಂಡಿತ ಭೀಮಸೇನ ಜೋಶಿ.

ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಹದಿನಾರು ಮಕ್ಕಳಲ್ಲಿ ಭೀಮಸೇನ ಹಿರಿಯ. ಬೀದಿಯಲ್ಲಿ ಬಾಜಾಬಜಂತ್ರಿಯ ಮೆರವಣಿಗೆ ಹೊರಟರೆ ಈತನೂ ಹಿಂದೆ ಹೊರಟ. ನಡೆದು ನಡೆದು ದಣಿದು ಎಲ್ಲೋ ಒಂದು ಕಡೆ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಸಿಕ್ಕವರು ಓದಿಕೊಂಡು ಮನೆಗೆ ತಂದು ಮುಟ್ಟಿಸತೊಡಗಿದರು. ಮಗುವೊಂದು ಹಾಡಿನ ಬೆನ್ನು ಹತ್ತಿದರೆ ಊರವರೇ ಅದನ್ನು ಕಾಯಬೇಕು ಎಂಬಂಥ ಕಾಲ ಅದು.

ಶಾಲೆಯಿಂದ ಬರುವ ದಾರಿಯಲ್ಲಿ ಗ್ರಾಮಫೋನ್ ತಟ್ಟೆ ಮಾರುವ ಅಂಗಡಿಯ ಮುಂದೆ ಈ ಹುಡುಗ ನಿಲ್ಲುತ್ತಿದ್ದ, ಗಿರಾಕಿಗಳಿಗಾಗಿ ಹಚ್ಚಿದ ಹಾಡುಗಳನ್ನು ಹೊರಗಿನಿಂದಲೇ ಕೇಳುತ್ತಿದ್ದ ಎಂದು ಅವರ ಬದುಕಿನ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಅಲ್ಲಿ ಕಿವಿಗೆ ಬಿದ್ದದ್ದು ಅಬ್ದುಲ್ ಕರೀಂ ಖಾನರ ಬಸಂತ್, ಮತ್ತು ಈ ಝಿಂಝೋಟಿ. ಹೀಗೆ ಹಾಡಬೇಕು, ಇದನ್ನು ಹೇಳಿಕೊಡುವ ಗುರು ಬೇಕು ಎಂಬ ಹಟ ಅಂದಿನಿಂದ ಹಿಡಿಯಿತು. ಕುರ್ತಕೋಟಿಯ ಚನ್ನಪ್ಪನವರಲ್ಲಿ, ಬಳಿಕ ಶ್ಯಾಮಾಚಾರ್ಯ ಜೋಶಿಯವರಲ್ಲಿ ಮೊದಲ ಪಾಠಗಳಾದವು. ಹಟ ಅಷ್ಟಕ್ಕೆ ತಣಿಯಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟು ಬಿಜಾಪುರದ ಕಡೆ ಹೊರಟ. ಸಹಪ್ರಯಾಣಿಕರು ಕೊಟ್ಟ ದುಡ್ಡಿನಿಂದ ಮುಂದಿನ ಊರು, ಅಲ್ಲಿಂದ ಮುಂದಿನ ಊರು. ಪುಣೆ, ಗ್ವಾಲಿಯರ್, ಜಲಂಧರ್ ಎಂದು ಅರ್ಧ ಭಾರತ ಸುತ್ತಿದ್ದಾಯಿತು.

ಕಡೆಗೆ ಗುರು ಸಿಕ್ಕದ್ದು ಎಲ್ಲಿ? ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ. 1936ರಲ್ಲಿ ಭೀಮಸೇನರನ್ನು ಶಿಷ್ಯನಾಗಿ ತೆಗೆದುಕೊಂಡ ಸವಾಯಿ ಗಂಧರ್ವ ರಾಮಭಾವು ಕುಂದಗೋಳಕರರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ತಟ್ಟೆಯೊಳಗಿನ ದನಿಯ ಬೇರು ಮನೆಯ ಹತ್ತಿರವೇ ಇತ್ತು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಖಾನಸಾಹೇಬರು ಉಳಿದು ಪಾಠ ಹೇಳಿದ್ದರು.

ಈ ಕಥೆಯನ್ನು ಗುರುವಿಗಾಗಿ ಅಲೆದ ಶಿಷ್ಯನ ಕಥೆಯೆಂದೇ ನಾಡು ನೆನೆಯುತ್ತದೆ. ಇದರಲ್ಲಿ ಕೇಳುಗರ ಕಥೆಯೊಂದೂ ಇದೆ. ಆ ತಟ್ಟೆ ಹುಡುಗನದಲ್ಲ. ಅವನ ಮನೆಯಲ್ಲಿ ಅದನ್ನು ಹಚ್ಚಿದ್ದೂ ಅಲ್ಲ. ಯಾರೋ ಹಚ್ಚಿದರು, ಯಾರಿಗಾಗಿಯೋ ಹಚ್ಚಿದರು, ಬೀದಿಯಲ್ಲಿದ್ದವನಿಗೂ ಅದು ಕೇಳಿಸಿತು. ಒಬ್ಬರ ಬಳಿ ಇದ್ದ ಒಳ್ಳೆಯ ಹಾಡು ಇನ್ನೊಬ್ಬರ ಕಿವಿಗೂ ಬಿದ್ದದ್ದರಿಂದಲೇ ಉತ್ತರ ಕರ್ನಾಟಕದ ಸಂಗೀತ ಇಷ್ಟು ಬೆಳೆಯಿತು.

ಕಲ್ಕತ್ತೆಯಿಂದ ಕಟ್ಟೆಯವರೆಗೆ

ಭಾರತದ ಸಂಗೀತ ತಟ್ಟೆಗೆ ಇಳಿದದ್ದು 1902ರ ನವೆಂಬರಿನಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ನಡೆಸಿದರು. ಅಂದು ಹಾಡಿದವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್. ಹಾಡು ಮುಗಿಯುತ್ತಿದ್ದಂತೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಿ ಸರಿಯಾದ ಚೀಟಿ ಅಂಟಿಸಲು ಈ ವ್ಯವಸ್ಥೆ. ಅದೇ ಗೌಹರ್ ಜಾನ್ ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

1908ರಲ್ಲಿ ಕಲ್ಕತ್ತೆಯಲ್ಲೇ ತಟ್ಟೆ ತಯಾರಿಸುವ ಕಾರ್ಖಾನೆ ಶುರುವಾಯಿತು. ಆಮೇಲೆ ಸಣ್ಣ ಊರುಗಳಿಗೂ ಎಚ್‌ಎಂವಿ ಕಂಪನಿಯ ನಾಯಿಯ ಚಿತ್ರದ ಪೆಟ್ಟಿಗೆ ಬಂತು. ಬಂತೆಂದರೆ ಎಲ್ಲರ ಮನೆಗಲ್ಲ. ಸಾಹುಕಾರರ ಪಡಸಾಲೆ, ವಕೀಲರ ಮನೆ, ಗಿರಾಕಿಗಳನ್ನು ಸೆಳೆಯಬೇಕೆಂಬ ಚಹಾದಂಗಡಿ, ಇಂಥ ಕೆಲವು ಕಡೆ ಮಾತ್ರ. ಅದರಿಂದ ಒಂದು ಒಳ್ಳೆಯದೂ ಆಯಿತು. ಹಾಡು ಕೇಳುವುದು ಒಬ್ಬರೇ ಮಾಡುವ ಕೆಲಸವಾಗಲಿಲ್ಲ. ಕಟ್ಟೆಯ ಮೇಲೆ ಕೂತವರು, ಬಾಗಿಲಿಗೆ ಒರಗಿದವರು, ಅಂಗಳದ ಮಕ್ಕಳು, ಎಲ್ಲರೂ ಅದೇ ಮೂರು ನಿಮಿಷ ಕೇಳಿದರು. ಹಾಡು ಮುಗಿದ ಮೇಲೆ ಮಾತು ಶುರು. ‘ಆ ಧೈವತ ಕೇಳಿದ್ರಿ? ಮತ್ತೊಮ್ಮೆ ಹಚ್ರಿ’ ಎಂಬ ಬಗೆಯ ಮಾತು.

ಈ ಸೀಮೆಯಲ್ಲಿ ಹಳೆಯ ರಸಿಕರು ಒಂದು ಪದ ಬಳಸುತ್ತಾರೆ: ಕಾನಸೇನ. ತಾನಸೇನನಂತೆ ಹಾಡಲು ಬಾರದವರು ಕಿವಿಯನ್ನಾದರೂ ಸಾಧಿಸಬೇಕು, ಅಂಥವರು ಕಾನಸೇನರು. ಇದು ಹಗುರದ ಬಿರುದಲ್ಲ. ಹಾಡುಗಾರನಿಗೂ ಇಂಥವರ ತಲೆದೂಗು ಬೇಕು. ಮುಂದಿನ ಸಾಲಿನಲ್ಲಿ ಕೂತ ಒಬ್ಬ ಕಾನಸೇನ ಸುಮ್ಮನಾದರೆ ಬೈಠಕ್ಕಿನ ಬಣ್ಣವೇ ಬದಲಾಗುತ್ತದೆ.

ಗಂಗೂಬಾಯಿ ಹಾನಗಲ್ಲರೂ ಇಂಥ ಬೀದಿಯ ಕೇಳುಗರೇ ಆಗಿದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಎಳವೆಯಲ್ಲಿ ಗ್ರಾಮಫೋನಿನ ಸದ್ದು ಕೇಳಿದೊಡನೆ ಬೀದಿಗೆ ಓಡುತ್ತಿದ್ದರು, ಕೇಳಿದ್ದನ್ನು ಹಾಗೆಯೇ ಹಾಡಿ ತೋರಿಸುತ್ತಿದ್ದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದುಸ್ತಾನಿಯ ಕಡೆ ಎಂದು ಕಂಡಾಗ, ಅವಳ ಕಲಿಕೆಗೆ ಅಡ್ಡಿಯಾಗಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ಬೀದಿಯಲ್ಲಿ ನಿಂತು ತಟ್ಟೆ ಕೇಳಿದ ಆ ಹುಡುಗಿ 1930ರ ದಶಕದಲ್ಲಿ ತಾನೇ ತಟ್ಟೆಗೆ ಹಾಡಿದಳು.

ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠನದು ಇನ್ನೂ ಬೆರಗಿನ ಸಂಗತಿ. ಹತ್ತು ವರ್ಷ ತುಂಬುವ ಮೊದಲೇ ಈ ಹುಡುಗ ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಉಸಿರು ತಪ್ಪದಂತೆ, ತಾನು ತಪ್ಪದಂತೆ ಹಾಡಿ ತೋರಿಸುತ್ತಿದ್ದ. ಆ ಗಾನ ಕೇಳಿದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಕರೆದರು. ಲೋಕವೂ ಹಾಗೆಯೇ ಕರೆಯಿತು. ತಟ್ಟೆಯನ್ನು ಅನುಕರಿಸುವುದರಿಂದ ಶುರುವಾದ ಈ ಗಾಯಕ ದೊಡ್ಡವನಾದ ಮೇಲೆ ಯಾರ ಅನುಕರಣೆಯೂ ಅಲ್ಲದ ಹಾದಿಯೊಂದನ್ನು ತುಳಿದು ತೋರಿಸಿದ.

ರಸಿಕರು ಏನನ್ನು ಚರ್ಚಿಸುತ್ತಾರೆ?

ಹೊರಗಿನವರಿಗೆ ಅನಿಸಬಹುದು: ಹಾಡು ಚೆನ್ನಾಗಿದೆ ಎಂದರೆ ಮುಗಿಯಿತಲ್ಲ, ಗಂಟೆಗಟ್ಟಲೆ ಮಾತನಾಡಲು ಏನಿದೆ? ಬಹಳ ಇದೆ.

ಮೊದಲನೆಯದು ವೇಗ. ಹಳೆಯ ತಟ್ಟೆಗಳನ್ನು 78 ಸುತ್ತಿನವು ಎನ್ನುತ್ತೇವೆ. ಎಲ್ಲವೂ ನಿಖರವಾಗಿ ಆ ವೇಗದಲ್ಲಿ ಮುದ್ರಣಗೊಂಡಿಲ್ಲ. 72 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹಾರ್ಮೋನಿಯಂನ ಒಂದು ಮನೆಗಿಂತ ಹೆಚ್ಚು ಮೇಲಕ್ಕೆ ಸ್ವರ ಏರುತ್ತದೆ. ಬಿಳಿ ಎರಡಕ್ಕೆ ಹಾಡಿದವರು ಕರಿ ಎರಡನ್ನೂ ದಾಟಿದಂತೆ ಕೇಳುತ್ತಾರೆ, ಗಂಡಸಿನ ದನಿ ಹೆಣ್ಣಿನ ದನಿಯ ಕಡೆ ಜಾರುತ್ತದೆ, ತಾನುಗಳು ಇದ್ದದ್ದಕ್ಕಿಂತ ಚುರುಕಾಗುತ್ತವೆ. ಆದ್ದರಿಂದ ಒಂದು ತಟ್ಟೆಯ ‘ನಿಜವಾದ ಪಟ್ಟಿ’ ಯಾವುದು ಎಂಬುದು ರಸಿಕರ ನಡುವೆ ಎಂದೂ ಮುಗಿಯದ ವಾದ. ಅಬ್ದುಲ್ ಕರೀಂ ಖಾನರ ವಿಷಯದಲ್ಲಿ ಈ ವಾದಕ್ಕೆ ತೂಕ ಹೆಚ್ಚು. ಶ್ರುತಿಯ ಸೂಕ್ಷ್ಮವೇ ಅವರ ಜೀವಾಳ. ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಇಂಗ್ಲಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ ಭಾರತೀಯ ಶ್ರುತಿಗಳ ಅಳತೆಗೆ ಹೊರಟಾಗ ಹಾಡಿ ತೋರಿಸಿದವರು ಇದೇ ಖಾನಸಾಹೇಬರು.

ಎರಡನೆಯದು ಬಿಟ್ಟದ್ದೇನು, ಉಳಿಸಿದ್ದೇನು ಎಂಬ ಲೆಕ್ಕ. ಬೈಠಕ್ಕಿನಲ್ಲಿ ಒಂದು ರಾಗಕ್ಕೆ ಗಂಟೆ ಸಾಲದು. ತಟ್ಟೆಯಲ್ಲಿ ಸಿಗುವುದು ಮೂರು ನಿಮಿಷ. ಆಲಾಪ ಎಷ್ಟು, ಅಂತರಾ ಹಾಡಬೇಕೋ ಬೇಡವೋ, ತಾನು ಎಲ್ಲಿ ಬರಬೇಕು, ಎಲ್ಲವನ್ನೂ ಮೊದಲೇ ತೂಗಿ ಹಾಡಬೇಕಿತ್ತು. 1925ರವರೆಗೆ ಮೈಕು ಕೂಡ ಇರಲಿಲ್ಲ, ದೊಡ್ಡ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಹಾಡಬೇಕಿತ್ತು. ಇಷ್ಟು ಇಕ್ಕಟ್ಟಿನಲ್ಲಿಯೂ ರಾಗದ ಮುಖ ಅಚ್ಚಳಿಯದೆ ನಿಲ್ಲಿಸಿದವರನ್ನು ರಸಿಕರು ಬೇರೆಯೇ ಎತ್ತರದಲ್ಲಿಟ್ಟು ನೋಡುತ್ತಾರೆ. ಅವರ ದೃಷ್ಟಿಯಲ್ಲಿ ಖಾನಸಾಹೇಬರ ಝಿಂಝೋಟಿ, ಬಸಂತ್, ಜೋಗಿಯಾ ತಟ್ಟೆಗಳು ಹೀಗೆ ಮೂರು ನಿಮಿಷಕ್ಕೆ ಮೊಟಕಾದ ಸಂಗೀತವಲ್ಲ, ಮೂರು ನಿಮಿಷದಲ್ಲಿಯೇ ತುಂಬಿ ನಿಂತ ಸಂಗೀತ. ಈ ಮಾತನ್ನು ಪರೀಕ್ಷಿಸಲು ಬೇರೆ ಸಾಕ್ಷಿ ಬೇಡ, ಝಿಂಝೋಟಿಯನ್ನು ಎರಡು ಸಲ ಕೇಳಿದರೆ ಸಾಕು.

ಮೂರನೆಯದು ಕಂಠದ ಚರಿತ್ರೆ. ಗಂಗೂಬಾಯಿಯವರ ಹಳೆಯ ತಟ್ಟೆ ಕೇಳಿದವರು ಮೊದಲ ಸಲ ನಂಬುವುದೇ ಇಲ್ಲ. ಅಲ್ಲಿರುವುದು ತೆಳುವಾದ, ಮೇಲುಸ್ತರದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ದನಿ ಇಳಿದು, ಇಂದು ನಾಡು ಬಲ್ಲ ಆ ಗಂಭೀರ, ಗಂಡುದನಿಯನ್ನು ಹೋಲುವ ಕಂಠವಾಯಿತು. ಎರಡೂ ಕಾಲದ ತಟ್ಟೆಗಳನ್ನು ಒಂದರ ಹಿಂದೆ ಒಂದು ಹಚ್ಚಿ ಕೇಳಿದಾಗ, ಕಳೆದುಹೋದ ದನಿಗಾಗಿ ಕೊರಗದೆ ಉಳಿದ ದನಿಯಿಂದಲೇ ಮಹಾಗಾಯಕಿಯಾದ ಹೆಣ್ಣುಮಗಳ ಛಲ ಕಿವಿಗೆ ಕೇಳಿಸುತ್ತದೆ. ಪುಸ್ತಕ ಓದಿ ತಿಳಿಯುವುದಕ್ಕಿಂತ ಇದು ಆಳಕ್ಕೆ ಇಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರದೂ ಹೀಗೆಯೇ. ಮೊದಲು ಮಿರಜಿನ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಪದ್ಧತಿ ಕಲಿತವರು, ಆಮೇಲೆ ಮಂಜಿಖಾನ್ ಮತ್ತು ಭುರ್ಜಿಖಾನರಲ್ಲಿ ಜೈಪುರ-ಅತ್ರೌಲಿ ಗಾಯಕಿಗೆ ತಿರುಗಿದರು. 1930ರ ದಶಕದ ತಟ್ಟೆಗಳಲ್ಲಿರುವ ಯುವಕನನ್ನೂ ಮುಪ್ಪಿನ ಧ್ವನಿಮುದ್ರಣಗಳಲ್ಲಿರುವ ಹಿರಿಯನನ್ನೂ ಎದುರುಬದುರು ಕೂರಿಸಿದರೆ ಆ ತಿರುವು ಎಲ್ಲಿ, ಎಷ್ಟು ಎಂಬುದು ಕಿವಿಗೇ ತಿಳಿಯುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಸವಿಯಾದದ್ದು, ಗುರು-ಶಿಷ್ಯರ ಹೋಲಿಕೆ. ಜೋಗಿಯಾದ ‘ಪಿಯಾ ಕೆ ಮಿಲನ್ ಕೀ ಆಸ್’ ಠುಮರಿಯನ್ನು ಅಬ್ದುಲ್ ಕರೀಂ ಖಾನರೂ ಹಾಡಿದ್ದಾರೆ, ಭೀಮಸೇನರೂ ಹಾಡಿದ್ದಾರೆ. ಝಿಂಝೋಟಿಯ ಠುಮರಿಯೂ ಹಾಗೆಯೇ. ಖಾನಸಾಹೇಬರಲ್ಲಿ ಸ್ವರ ಬಿಕ್ಕಳಿಸುವ ಮಗುವಿನಂತೆ ಬರುತ್ತದೆ. ಭೀಮಸೇನರಲ್ಲಿ ಅದೇ ಸ್ವರಕ್ಕೆ ಎದೆಗಾರಿಕೆ ಬರುತ್ತದೆ, ಎರೆಹೊಲದ ಮೇಲೆ ಮಳೆಮೋಡ ಕವಿದಂತೆ ಕವಿಯುತ್ತದೆ. ಇಬ್ಬರಲ್ಲಿ ಯಾರು ಮೇಲು ಎಂದು ಕೇಳುವುದಲ್ಲ ಇದರ ಗುರಿ. ಒಂದೇ ಚೀಜು ಎರಡು ಎದೆಗಳಲ್ಲಿ ಹೇಗೆ ಬೇರೆಯಾಗಿ ಹಣ್ಣಾಯಿತು ಎಂದು ನೋಡುವುದು.

ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನೂ ತಟ್ಟೆಗೆ ಹಾಡಿದ್ದಾರೆ. ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿ, ಮೈಸೂರು ದರ್ಬಾರಿನಲ್ಲಿ ಮನ್ನಣೆ ಪಡೆದು, 1937ರಲ್ಲಿ ಪುದುಚೇರಿಗೆ ಹೋಗುವ ದಾರಿಯಲ್ಲಿ ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಉಸಿರು ಬಿಟ್ಟ, ಮಿರಜಿನ ದರ್ಗಾದ ಅಂಗಳದಲ್ಲಿ ಮಣ್ಣಾದ ಈ ಗಾಯಕನಿಗೆ ಉತ್ತರ-ದಕ್ಷಿಣದ ಗಡಿಯೇ ಇರಲಿಲ್ಲ ಎಂಬುದಕ್ಕೆ ಆ ತಟ್ಟೆ ಸಾಕ್ಷಿ.

ಜಾಝ್ ಕೇಳುಗರದೂ ಇದೇ ಕಥೆ

ಇದು ನಮ್ಮ ಸಂಗೀತಕ್ಕೆ ಮಾತ್ರ ಅಂಟಿದ ಗೀಳಲ್ಲ. ಜಾಝ್ ಸಂಗೀತದ ರಸಿಕರೂ ಹೀಗೆಯೇ. ಅಮೆರಿಕದ ಕಪ್ಪುಜನರ ನಡುವೆ ಹುಟ್ಟಿದ ಈ ಸಂಗೀತದಲ್ಲಿಯೂ ಖ್ಯಾಲಿನಲ್ಲಿರುವಂತೆ ಸ್ಥಳದಲ್ಲೇ ಕಟ್ಟುವ ವಿಸ್ತಾರವೇ ಮುಖ್ಯ. ಇಂದು ನುಡಿಸಿದ್ದು ನಾಳೆ ಮತ್ತೆ ಬಾರದು. ತಟ್ಟೆ ಆ ಒಂದು ಗಳಿಗೆಯನ್ನು ಹಿಡಿದಿಡುತ್ತದೆ. 1939ರಲ್ಲಿ ಕೋಲ್ಮನ್ ಹಾಕಿನ್ಸ್ ಸ್ಯಾಕ್ಸೊಫೋನಿನಲ್ಲಿ ನುಡಿಸಿದ ‘ಬಾಡಿ ಆ್ಯಂಡ್ ಸೋಲ್’ ಕೂಡ ಮೂರು ನಿಮಿಷದ್ದೇ. ಮೂಲ ಧಾಟಿಯನ್ನು ಆರಂಭದಲ್ಲಿ ಒಂದಿಷ್ಟು ಮುಟ್ಟಿ, ಉಳಿದದ್ದನ್ನೆಲ್ಲ ಮನೋಧರ್ಮದಿಂದ ಕಟ್ಟಿದ ಆ ತಟ್ಟೆಯನ್ನು ಜಾಝ್ ಕಲಿಯುವವರು ಇಂದಿಗೂ ಸ್ವರಸ್ವರವಾಗಿ ಬಿಡಿಸಿ ಕಲಿಯುತ್ತಾರೆ.

ಫ್ರಾನ್ಸಿನ ಒಂದು ಸಂಗತಿಯಂತೂ ರೋಣದ ಕಥೆಗೆ ಅವಳಿಯ ಹಾಗಿದೆ. 1931ರ ಸುಮಾರಿಗೆ ತೂಲೋನ್ ಊರಿನಲ್ಲಿ ಎಮಿಲ್ ಸಾವಿತ್ರಿ ಎಂಬ ಚಿತ್ರಕಾರ ತನ್ನ ಬಳಿಯಿದ್ದ ಲೂಯಿ ಆರ್ಮ್‌ಸ್ಟ್ರಾಂಗರ ತಟ್ಟೆಗಳನ್ನು ಅಲೆಮಾರಿ ಬುಡಕಟ್ಟಿನ ಗಿಟಾರ್ ವಾದಕನೊಬ್ಬನಿಗೆ ಕೇಳಿಸಿದ. ಅದನ್ನು ಕೇಳಿದ ಯುವಕ ಕರಗಿಹೋದ. ಆತ ಜಾಂಗೊ ರೈನ್‌ಹಾರ್ಟ್, ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಸೊಟ್ಟಗಾಗಿದ್ದರೂ ಮುಂದೆ ಯುರೋಪಿನ ಅತಿ ದೊಡ್ಡ ಜಾಝ್ ಗಿಟಾರ್ ವಾದಕನಾದವನು. 1932ರಲ್ಲಿ ಪ್ಯಾರಿಸ್ಸಿನ ಕೆಲವು ತರುಣರು ಕೂಡಿ ಜಾಝ್ ತಟ್ಟೆಗಳನ್ನು ಕೇಳಲು, ಚರ್ಚಿಸಲು ‘ಹಾಟ್ ಕ್ಲಬ್’ ಎಂಬ ಕೂಟ ಕಟ್ಟಿಕೊಂಡರು. ಎರಡು ವರ್ಷದಲ್ಲಿ ಅದೇ ಕೂಟದ ಹೆಸರಿನಲ್ಲಿ ಜಾಂಗೊ ಮತ್ತು ಪಿಟೀಲುವಾದಕ ಸ್ತೆಫಾನ್ ಗ್ರಾಪೆಲ್ಲಿಯವರ ಐವರ ವಾದ್ಯಮೇಳ ಹುಟ್ಟಿತು. ಅಂದರೆ ಕೇಳುಗರ ಕೂಟದಿಂದ ಕಲಾವಿದರ ಮೇಳ. ಅದೇ ಕೂಟದ ಶಾರ್ಲ್ ದೆಲೋನೆ 1936ರಲ್ಲಿ, ಯಾವ ತಟ್ಟೆಯಲ್ಲಿ ಯಾರು ಯಾರು ನುಡಿಸಿದ್ದಾರೆ, ಯಾವ ದಿನ, ತಟ್ಟೆಯ ಸಂಖ್ಯೆ ಏನು ಎಂದು ಪಟ್ಟಿ ಮಾಡಿ ಪುಸ್ತಕವನ್ನೇ ಹೊರತಂದ.

ಜಾಝ್ ಕನ್ನಡನಾಡಿಗೆ ಅಪರಿಚಿತವೂ ಅಲ್ಲ. ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಸಂಸ್ಥೆಯ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ, ನಾಗಸ್ವರವನ್ನೂ ಕಲಿತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ತಟ್ಟೆ ಮಾಡಿದರು. ಹೊರತಂದದ್ದು ಜರ್ಮನಿಯ ಇಸಿಎಂ ಕಂಪನಿ. ರಾಗ ಬಲ್ಲವರು ಅದನ್ನು ಕೇಳಬೇಕು, ಕನ್ನಡದ ಊರಿನ ದನಿ ಜಾಝ್ ಜೊತೆ ಎಷ್ಟು ಸಲೀಸಾಗಿ ಮಾತಿಗೆ ಕೂತಿದೆ ಎಂದು ತಿಳಿಯುತ್ತದೆ.

ರೇಡಿಯೊ, ಕ್ಯಾಸೆಟ್ಟು, ದಾಸವಾಣಿ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಶುರುವಾಯಿತು. ತಟ್ಟೆ ಕೊಳ್ಳಲಾಗದವರಿಗೂ ಹಾಡು ಸಿಕ್ಕಿತು. ನರಗುಂದದ ಎರೆಸೀಮೆಯ ಹಳ್ಳಿಗೂ ಮಗ್ಗದ ಊರು ಗಜೇಂದ್ರಗಡಕ್ಕೂ ಮನ್ಸೂರರ, ಬಸವರಾಜ ರಾಜಗುರುಗಳ, ಗಂಗೂಬಾಯಿಯವರ ಹಾಡು ಒಂದೇ ಗಳಿಗೆಯಲ್ಲಿ ಮುಟ್ಟಿತು. 1952ರಿಂದ ಆಕಾಶವಾಣಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಶನಿವಾರದ ರಾತ್ರಿಗೆ ಒಂದು ಕಳೆ ಬಂತು. ದೂರದೂರಿನ ರಸಿಕರಿಗೆ ಅದೇ ಬೈಠಕ್ಕು.

ತಟ್ಟೆಯ ಅವಧಿಯೂ ಹಿಗ್ಗಿತು. ನಿಮಿಷಕ್ಕೆ 33⅓ ಸುತ್ತಿನಷ್ಟೇ ತಿರುಗುವ ಎಲ್‌ಪಿ ಬಂದಾಗ ಒಂದು ಬದಿಗೆ ಇಪ್ಪತ್ತು ನಿಮಿಷ ಸಿಕ್ಕಿತು. 1942ರಲ್ಲಿ ಎಚ್‌ಎಂವಿಗೆ ಭಕ್ತಿಗೀತೆಗಳ ಸಣ್ಣ ತಟ್ಟೆಯಿಂದ ಆರಂಭಿಸಿದ ಭೀಮಸೇನರು ಎಲ್‌ಪಿಯಲ್ಲಿ ಪೂರಿಯಾ ಧನಾಶ್ರೀ, ಶುದ್ಧ ಕಲ್ಯಾಣ, ಮಿಯಾಂಕಿ ತೋಡಿಗಳನ್ನು ಬಿಡಿಸಿ ಹಾಡಿದರು. 1986ರಲ್ಲಿ ಅವರಿಗೆ ಪ್ಲಾಟಿನಂ ಡಿಸ್ಕ್ ಗೌರವ ಬಂತು. ಗ್ರಾಮಫೋನ್ ಅಂಗಡಿಯ ಹೊರಗೆ ನಿಂತ ಹುಡುಗನ ಹಾಡು ಈಗ ಎಲ್ಲ ಅಂಗಡಿಗಳ ಒಳಗಿತ್ತು.

ಆಮೇಲೆ ಕ್ಯಾಸೆಟ್ಟು. ಒಬ್ಬರ ಬಳಿ ಇದ್ದದ್ದನ್ನು ಮತ್ತೊಬ್ಬರು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು, ಮೇಲೆ ಬಾಲ್‌ಪೆನ್ನಿನಲ್ಲಿ ರಾಗದ ಹೆಸರು ಬರೆಯುವುದು, ತೆಗೆದುಕೊಂಡು ಹೋದದ್ದನ್ನು ಮರಳಿ ಕೊಡುವಾಗ ಅದರ ಬಗ್ಗೆ ಒಂದು ಗಂಟೆ ಮಾತನಾಡುವುದು ರಸಿಕರ ನಡುವೆ ರೂಢಿಯಾಯಿತು. ಶಾಸ್ತ್ರೀಯ ಸಂಗೀತದ ಗಂಧವಿಲ್ಲದ ಮನೆಗೂ ಭೀಮಸೇನರ ದಾಸವಾಣಿ ಹೊಕ್ಕಿತು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂದರೆ ಇಂದಿಗೂ ಹೆಚ್ಚಿನ ಕನ್ನಡಿಗರ ಕಿವಿಯಲ್ಲಿ ಮೊಳಗುವುದು ಅವರ ಕಂಠವೇ. ರೋಣದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಗಾಯಕ ಹೀಗೆ ತಾಯ್ನುಡಿಯ ಮನೆಮನೆಗೆ ಮರಳಿ ಬಂದರು. 2008ರ ನವೆಂಬರಿನಲ್ಲಿ ಭಾರತರತ್ನ ಘೋಷಣೆಯಾದಾಗ ಈ ಸೀಮೆ ಅದನ್ನು ತನ್ನ ಮನೆಯ ಮಗನಿಗೆ ಸಂದ ಗೌರವವೆಂದೇ ಎದೆಗೆ ಹಚ್ಚಿಕೊಂಡಿತು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಮರೆತರೆ ಇಲ್ಲಿನ ಕಿವಿಯ ಕಥೆ ಪೂರ್ತಿಯಾಗದು. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದ ಈ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಾವಿರಗಟ್ಟಲೆ ಸಂಗೀತ ಕಲಿತಿದ್ದಾರೆ. ಗುರುಗಳಿಬ್ಬರೂ ಅಂಧರು. ಅಲ್ಲಿ ಕೇಳುವುದೇ ಓದು. ಬಸವರಾಜ ರಾಜಗುರುಗಳಂಥ ಗಾಯಕರು ಆ ಓದಿನಿಂದ ಬಂದವರು. ಇಲ್ಲಿ ಕಲಿತವರು ಊರೂರಿಗೆ ಹರಡಿ, ಭಜನಾ ಮೇಳಗಳಲ್ಲಿ, ಶಾಲೆಗಳಲ್ಲಿ, ಮಠಗಳಲ್ಲಿ ಹಾಡುತ್ತಿರುವುದರಿಂದ ರಾಗದ ಹೆಸರು ಹೇಳಬಲ್ಲ ರೈತನೊಬ್ಬ ಈ ಸೀಮೆಯಲ್ಲಿ ಎದುರಾದರೆ ಅಚ್ಚರಿಪಡಬೇಕಿಲ್ಲ.

ಅಟ್ಟದ ಮೇಲಿನ ಪೆಟ್ಟಿಗೆ

ಹಳೆಯ ತಟ್ಟೆಗಳನ್ನು ಉಳಿಸುವ ಕೆಲಸವನ್ನು ನಮ್ಮ ದೇಶದಲ್ಲಿ ಹೆಚ್ಚಾಗಿ ಮಾಡಿದವರು ರಸಿಕರೇ. 1990ರಲ್ಲಿ ಮುಂಬೈಯಲ್ಲಿ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಹುಟ್ಟಿತು. ಅದರ ಹಿಂದಿದ್ದ ಮೈಕೆಲ್ ಕಿನ್ನಿಯರ್ 2003ರಲ್ಲಿ ಅಬ್ದುಲ್ ಕರೀಂ ಖಾನರ ಜೀವನ ಮತ್ತು ಧ್ವನಿಮುದ್ರಣಗಳ ಪೂರ್ಣ ವಿವರದ ಪುಸ್ತಕವನ್ನೇ ಬರೆದರು. ಕಾರ್ಯದರ್ಶಿಯಾಗಿದ್ದ ಸುರೇಶ ಚಾಂದವಣಕರರು ಊರೂರಿನಲ್ಲಿ ತಟ್ಟೆ ಕೇಳಿಸುವ ಕಾರ್ಯಕ್ರಮ ನಡೆಸಿದರು. ಚೋರ್ ಬಜಾರಿನಲ್ಲಿ, ಗುಜರಿಯಲ್ಲಿ, ಹಳೆಯ ವಾಡೆಗಳ ಅಟ್ಟದಲ್ಲಿ ಸಿಕ್ಕಿದ ಒಂದೊಂದೇ ತಟ್ಟೆಯಿಂದ ಸಂಗೀತದ ಚರಿತ್ರೆಯ ಹರಿದ ಪುಟಗಳು ಜೋಡಣೆಯಾದವು.

ರೋಣ, ನರಗುಂದ, ಗಜೇಂದ್ರಗಡದ ಹಳೆಯ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಗಳು ಇದ್ದಾವು. ಮನೆ ಕೆಡವುವಾಗ, ಪಾಲು ಹಂಚಿಕೆಯಾಗುವಾಗ ಅವು ಗುಜರಿಗೆ ಹೋಗುತ್ತವೆ. ಹೋಗುವ ಮೊದಲು ನಾಲ್ಕು ಮಾತು ನೆನಪಿಡಬೇಕು. ಅರಗಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಾರದು, ಪುಸ್ತಕದಂತೆ ನಿಲ್ಲಿಸಿಡಬೇಕು. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತವೆ. ಸ್ಪಿರಿಟ್ ಹಾಕಿ ಒರೆಸಲೇಬಾರದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಶುದ್ಧ ನೀರಿಗೆ ಒಂದೆರಡು ಹನಿ ಮೃದುವಾದ ಸೋಪು ಬೆರೆಸಿ, ನಡುವಿನ ಚೀಟಿ ನೆನೆಯದಂತೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಎಲ್‌ಪಿಯ ಸಣ್ಣ ಮುಳ್ಳನ್ನು ಹಳೆಯ ತಟ್ಟೆಯ ಮೇಲೆ ಇಡಬಾರದು, ಇದರ ಗೀರು ಅಗಲ, ಇದಕ್ಕೆ ಬೇರೆಯೇ ಮುಳ್ಳು. ಉಕ್ಕಿನ ಮುಳ್ಳಾದರೆ ಪ್ರತಿ ಬದಿಗೂ ಹೊಸದು ಹಾಕಬೇಕು. ಚೀಟಿಯ ಮೇಲಿನ ಹೆಸರಿನ ಜೊತೆಗೆ ಚೀಟಿಯ ಸುತ್ತಲಿನ ಖಾಲಿ ಜಾಗದಲ್ಲಿ ಒತ್ತಿರುವ ಸಣ್ಣ ಸಂಖ್ಯೆಯನ್ನೂ ಬರೆದಿಡಬೇಕು. ಯಾವಾಗ, ಯಾವ ಕಂಪನಿಗೆ ಹಾಡಿದ್ದು ಎಂದು ಕಂಡುಹಿಡಿಯಲು ಅದೇ ಸುಳಿವು. ಹಾಡನ್ನು ನಕಲು ಮಾಡಿ ಹಂಚುವ ಮಾತಿಗೆ ಬಂದರೆ, ನಮ್ಮ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಬಳಿಕ 60 ವರ್ಷ. 78 ಸುತ್ತಿನ ತಟ್ಟೆಗಳು ಬಹುತೇಕ ಆ ಗಡುವು ದಾಟಿದವು.

ಇಂದು ಅಬ್ದುಲ್ ಕರೀಂ ಖಾನರ ಅದೇ ಝಿಂಝೋಟಿ ಮೊಬೈಲಿನಲ್ಲಿ ಒಂದು ಗಳಿಗೆಯಲ್ಲಿ ಸಿಗುತ್ತದೆ. ಸಿಕ್ಕದ್ದು ದೊಡ್ಡ ಭಾಗ್ಯ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಪಕ್ಕದವರಿಗೆ ಕೇಳಿಸದು ಎಂಬುದೊಂದೇ ಕೊರತೆ. ಅದನ್ನು ತುಂಬುವುದು ಕಷ್ಟವಲ್ಲ. ತಿಂಗಳಿಗೊಂದು ಸಂಜೆ ಯಾರದಾದರೂ ಪಡಸಾಲೆಯಲ್ಲಿ, ಗ್ರಂಥಾಲಯದಲ್ಲಿ, ಶಾಲೆಯ ಒಂದು ಕೋಣೆಯಲ್ಲಿ ನಾಲ್ಕು ಜನ ಕೂಡಿದರೆ ಸಾಕು. ತಲಾ ಒಂದು ಹಾಡು ತರಲಿ. ಯಾಕೆ ಇಷ್ಟ, ಯಾವ ಸ್ವರದಲ್ಲಿ ಮೈ ಜುಮ್ಮೆಂದಿತು ಎಂದು ಹೇಳಲಿ, ಒಪ್ಪದವರು ಒಪ್ಪುವುದಿಲ್ಲ ಎನ್ನಲಿ, ಮತ್ತೊಮ್ಮೆ ಹಚ್ಚಿ ಕೇಳಲಿ. ಆ ಹೊತ್ತು ಬೀದಿಬಾಗಿಲು ತೆರೆದಿರಲಿ, ಶಾಲೆ ಬಿಟ್ಟು ಬರುವ ಮಕ್ಕಳಿಗೂ ಕೇಳಿಸಲಿ.